ಗುಜರಿ ಪ್ರಿಂಟರಿನ ಮೋಟಾರು, ಆಷಾಢದ ಗಾಳಿ

ನಮ್ಮ ಶಾಲೆಯ ಬಯಲಿನಲ್ಲಿ ನಿಂತರೆ ಕಪ್ಪತಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಯಂತ್ರಗಳು ಕಾಣುತ್ತವೆ. ಮಕ್ಕಳ ಬಾಯಲ್ಲಿ ಅವು ‘ಗುಡ್ಡದ ಫ್ಯಾನು’. ಒಂಬತ್ತನೇ ತರಗತಿಯವರನ್ನು ಕಟ್ಟಿಕೊಂಡು ಅಂಥದೊಂದನ್ನು ಮಾಡಲು ಹೊರಟಾಗ ನಮ್ಮ ಮುಖ್ಯೋಪಾಧ್ಯಾಯರು, “ಸರ್, ಗಿರಿಗಿಟ್ಟಲೆ ಬೇಕಿದ್ದರೆ ಜಾತ್ರೆಯಲ್ಲಿ ಹತ್ತು ರೂಪಾಯಿಗೆ ಸಿಗುತ್ತದಲ್ಲ?” ಎಂದಿದ್ದರು.

ಎರಡು ತಿಂಗಳು ಅವರ ಮಾತೇ ಗೆದ್ದಿತು. ರಟ್ಟಿನ ರೆಕ್ಕೆಗಳು ಒಂದೇ ಮಳೆಗೆ ನೆನೆದ ಹಪ್ಪಳವಾದವು. ತಗಡಿನ ರೆಕ್ಕೆಯೊಂದು ತಿರುಗುತ್ತಲೇ ಕಳಚಿ ಸೈಕಲ್ ನಿಲ್ಲಿಸುವ ಜಾಗದವರೆಗೆ ಹಾರಿತು. ಅಲ್ಲಿ ಯಾರೂ ಇರಲಿಲ್ಲ, ಪುಣ್ಯ. ಅಂದಿನಿಂದ ತಗಡು ಮುಟ್ಟಿಲ್ಲ. ಮೋಟಾರನ್ನು ನಾವೇ ತಿರುಗಿಸಿದರೆ ಅದು ಕರೆಂಟು ಕೊಡುತ್ತದಲ್ಲ ಎಂದು ಆಟಿಕೆ ಕಾರಿನ ಮೋಟಾರು ಮೂರು ಕೊಂಡು 120 ರೂಪಾಯಿ ಕಳೆದೆ, ವೋಲ್ಟ್ ಅಳೆಯುವ ಮಲ್ಟಿಮೀಟರ್ 0.3 ದಾಟಲಿಲ್ಲ. ಆ ಮೋಟಾರಿಗೆ ನಿಮಿಷಕ್ಕೆ ಸಾವಿರಾರು ಸುತ್ತು ಬೇಕು, ನಮ್ಮ ರೆಕ್ಕೆ ಐನೂರು ಸುತ್ತಿದರೆ ಹೆಚ್ಚು.

ಕೊನೆಗೆ ಗದಗದ ಗುಜರಿ ಅಂಗಡಿಯಲ್ಲಿ ಕೆಟ್ಟ ಪ್ರಿಂಟರೊಂದು ಸಿಕ್ಕಿತು. 150 ಹೇಳಿದ, 100ಕ್ಕೆ ತಂದೆ. ಅದರೊಳಗಿನ ಸ್ಟೆಪ್ಪರ್ ಮೋಟಾರನ್ನು (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದು) ಬೆರಳಿನಿಂದ ರಭಸವಾಗಿ ತಿರುವಿದರೆ ಸಾಕು, ಎಲ್‌ಇಡಿ ಮಿಣುಕುತ್ತದೆ. ಆದರೆ ಅದಕ್ಕೂ ಒಂದು ರೋಗ: ಒಳಗಿನ ಕಾಂತ ಹಿಡಿದು ಹಿಡಿದು ಬಿಡುವುದರಿಂದ ಸಣ್ಣ ಗಾಳಿಗೆ ಅಲುಗುವುದೇ ಇಲ್ಲ.

ರೆಕ್ಕೆಗೆ ಪ್ಲಂಬರ್ ಬಿಟ್ಟುಹೋಗಿದ್ದ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು. ಸುಮಾರು ಒಂದೂಕಾಲು ಅಡಿ ಕತ್ತರಿಸಿ ಉದ್ದಕ್ಕೆ ನಾಲ್ಕು ಸೀಳು ಮಾಡಿದೆವು. ಮೂರು ಬಳಕೆಗೆ, ಒಂದು ಕೈತಪ್ಪಿದರೆ ಇರಲೆಂದು. ಗಾಳಿ ಸೀಳುವ ಅಂಚು ಗುಂಡಗೆ, ಹಿಂದಿನದು ತೆಳ್ಳಗೆ ಬರುವವರೆಗೆ ಮಕ್ಕಳು ಮರಳು ಕಾಗದದಿಂದ ಉಜ್ಜಿದರು; ಬಿಳಿ ಪುಡಿ ಮೆತ್ತಿ ಎಲ್ಲರೂ ಹಿಟ್ಟಿನ ಗಿರಣಿಯಿಂದ ಬಂದವರಂತಿದ್ದರು. ಬುಡದಲ್ಲಿ ಎಷ್ಟು ಓರೆಯಾಗಿ ಬಿಗಿದರೆ ಆ ಮೊಂಡು ಮೋಟಾರು ಹೊರಡುತ್ತದೆ ಎಂಬುದನ್ನು ಹೇಳುವುದಿಲ್ಲ. ನಮ್ಮ ಹುಡುಗರು ಹದಿನೈದಿಪ್ಪತ್ತು ಸಲ ಬಿಚ್ಚಿ ಬಿಗಿದು ಕಂಡುಕೊಂಡದ್ದು. ನೀವೂ ಬಿಚ್ಚಿ ಬಿಗಿಯಿರಿ.

ನಡುವೆ ಹುಡುಗಿಯೊಬ್ಬಳು ಆರು ರೆಕ್ಕೆ ಹಾಕಿಯೇ ತೀರಬೇಕೆಂದು ಹಟ ಹಿಡಿದಳು. ಹಾಕಿದೆವು. ಮೆಲುಗಾಳಿಗೇ ಹೊರಟಿತು, ಆದರೆ ವೇಗ ಏರಲಿಲ್ಲ, ವೋಲ್ಟೂ ಏರಲಿಲ್ಲ. “ನೀರೆತ್ತಲು ಇದೇ ಸರಿ ಸರ್” ಎಂದಳು. ಸರಿಯೇ, ಅದೊಂದು ಬೇರೆ ಕೆಲಸ, ಬೇಸಿಗೆಗೆ ಇಟ್ಟುಕೊಂಡಿದ್ದೇವೆ.

ಆಷಾಢದ ಗಾಳಿ ಬಿದ್ದ ದಿನ ಮೂರು ರೆಕ್ಕೆಯದನ್ನು ಮಾಳಿಗೆಗೆ ಏರಿಸಿದೆವು. ದೀಪ ಜೋಡಿಸುವ ಮುನ್ನ 7-8 ವೋಲ್ಟ್ ತೋರಿಸಿತು. ಹಿಂದೆಮುಂದೆ ಹರಿಯುವ ಕರೆಂಟನ್ನು ಒಂದೇ ದಿಕ್ಕಿಗೆ ತರಲು ನಾಲ್ಕು ಡಯೋಡು, ಅದರ ಏರಿಳಿತ ತಗ್ಗಿಸಲು ಒಂದು ಕೆಪಾಸಿಟರ್ ಸೇರಿಸಿದ ಮೇಲೆ ಎಂಟು ಬಿಳಿ ಎಲ್‌ಇಡಿ ಒಟ್ಟಿಗೇ ಹೊತ್ತಿದವು. ಮುಖ್ಯೋಪಾಧ್ಯಾಯರು ಚಹಾದ ಲೋಟ ಹಿಡಿದುಕೊಂಡೇ ಮೇಲೆ ಬಂದು, “ರಾತ್ರಿಯೂ ಉರಿಯುತ್ತದೆಯೇ?” ಎಂದು ಕೇಳಿದರು. ದಂಡದ 120 ಸೇರಿ ಎಲ್ಲ ಆರುನೂರರ ಒಳಗೇ ಮುಗಿದಿದೆ, ಚೀಟಿ ಇಟ್ಟಿಲ್ಲ.

ಗಾಳಿಗೆ ಮುಖ ತಿರುಗಿಸಲು ಸೈಕಲ್ ಚಕ್ರದ ನಡುವಿನ ಹಳೆಯ ಹಬ್ ಹಾಕಿದ್ದೇವೆ. ಅದು ಸುತ್ತಿದಂತೆಲ್ಲ ತಂತಿ ಕಂಬಕ್ಕೆ ಸುತ್ತಿಕೊಂಡು ಎರಡು ಸಲ ತುಂಡಾಯಿತು. ಸದ್ಯಕ್ಕೆ ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ಒಬ್ಬ ಹುಡುಗ ಮಾಳಿಗೆ ಹತ್ತಿ ಅದನ್ನು ಹಿಮ್ಮುಖ ಸುತ್ತಿ ಬರುತ್ತಾನೆ.