ಅಮ್ಮ ಹುಟ್ಟಿದ್ದು ಪತ್ತನಾಜೆಯ ಮರುದಿನ: ಹಳೆಯ ತಾರೀಕು ಹಿಡಿಯುವ ಬಗೆ

ಪೆನ್ಶನ್ ಅರ್ಜಿ ಹಿಡಿದು ಅಮ್ಮನನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. "ಹುಟ್ಟಿದ ದಿನ?" ಎಂದು ಕೇಳಿದರು. ಅಮ್ಮ ತಡವರಿಸದೆ ಹೇಳಿದಳು: "ತಾರಣ ಸಂವತ್ಸರ, ಪತ್ತನಾಜೆಯ ಮರುದಿನ, ಗುರುವಾರ ಬೆಳಗ್ಗೆ, ಹಾಲು ಕರೆಯುವ ಹೊತ್ತು." ಪತ್ತನಾಜೆ ಎಂದರೆ ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಒಂದು ವಿಶೇಷ ದಿನ. ಕೇಳಿದವರು ನನ್ನ ಮುಖ ನೋಡಿದರು. ಶಾಲೆಯ ಕಾಗದದಲ್ಲಿ ಇದ್ದದ್ದು 1-6-1943. ಆಗಿನ ಮಾಸ್ತರರಿಗೆ ಜೂನ್ 1 ಎಂದರೆ ತುಂಬ ಪ್ರೀತಿ. ಅಮ್ಮನ ಕ್ಲಾಸಿನಲ್ಲಿ ಅರ್ಧ ಮಕ್ಕಳು ಅವತ್ತೇ ಹುಟ್ಟಿದವರು!

ಮನೆಗೆ ಬಂದು ಅಟ್ಟದ ಟ್ರಂಕಿನಿಂದ ಅಜ್ಜನ ಪುಸ್ತಕ ತೆಗೆದೆ. ಆಮೇಲೆ ಪೆರ್ಲದ ಸುತ್ತಮುತ್ತಲಿನ ನಾಲ್ಕಾರು ಮನೆಯವರಿಗೂ ಹೀಗೆ ತಾರೀಕು ಹುಡುಕಿಕೊಟ್ಟೆ. ನಮ್ಮ ಕಾಸರಗೋಡಿನ ಗೋಡೆ ಹೇಗಿರುತ್ತದೆ, ನಿಮಗೇ ಗೊತ್ತಲ್ವಾ? ಕೊಲ್ಲವರ್ಷದ ಮಲಯಾಳಂ ಕ್ಯಾಲೆಂಡರ್ ಒಂದು, ಮಂಗಳೂರಿನಿಂದ ಬಂದ ಕನ್ನಡದ್ದು ಒಂದು, ಮೊಳೆಗೆ ನೇತುಹಾಕಿದ ಪಂಚಾಂಗ ಇನ್ನೊಂದು. ಹಳೆಯ ಕಾಗದಗಳೂ ಹಾಗೆಯೇ ಕಲಬೆರಕೆ.

ಮೊದಲ ಕೆಲಸ, ಲೆಕ್ಕಕ್ಕೆ ಕೈ ಹಾಕದೆ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುವುದು. ಸಂವತ್ಸರ, ತಿಂಗಳು, ತಿಥಿ, ವಾರ. ತಿಂಗಳ ಹೆಸರಿಗೆ ಮೊದಲು "ಅಧಿಕ" (ಹೆಚ್ಚಿಗೆ ಸೇರಿಸಿದ ತಿಂಗಳು) ಅಥವಾ "ನಿಜ" (ಅದೇ ಹೆಸರಿನ ಅಸಲು ತಿಂಗಳು) ಎಂದಿದ್ದರೆ ಅದನ್ನೂ ಬಿಡಬೇಡಿ. ಅದೊಂದು ಪದ ಬಿಟ್ಟರೆ ಪೂರಾ ಒಂದು ತಿಂಗಳು ತಪ್ಪುತ್ತದೆ. ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಅದನ್ನು ಸರಿಹೊಂದಿಸಲೆಂದೇ ಅಧಿಕ ಮಾಸ. ಬಾಬಿಲೋನಿನವರೂ ಇದನ್ನೇ ಮಾಡುತ್ತಿದ್ದರು, 19 ವರ್ಷಕ್ಕೆ 7 ತಿಂಗಳು ಹೆಚ್ಚಿಗೆ.

ಇನ್ನು ಸಂವತ್ಸರ. ಅರುವತ್ತು ಹೆಸರುಗಳ ಪಟ್ಟಿ ಯಾವ ಪಂಚಾಂಗದಲ್ಲೂ ಸಿಗುತ್ತದೆ. ಮೊದಲನೆಯ ಪ್ರಭವ ಬಂದದ್ದು 1927ರಲ್ಲಿ, ಮತ್ತೆ 1987ರಲ್ಲಿ. ತಾರಣ 18ನೆಯದು. 18ರಲ್ಲಿ ಒಂದು ಕಳೆದು 1927ಕ್ಕೆ ಕೂಡಿಸಿ: 1944. ಅರುವತ್ತು ವರ್ಷ ಹಿಂದೆ ಹೋದರೆ 1884, ಮುಂದೆ ಹೋದರೆ 2004. ಅಮ್ಮ ಎರಡೂ ಅಲ್ಲ ಎಂಬುದು ಅವಳನ್ನು ನೋಡಿದರೇ ಗೊತ್ತಾಗುತ್ತದೆ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. 1866 ಆದರೆ ಅದೇ 1944. ಆದರೆ ವರ್ಷ ಶುರುವಾಗುವುದು ಯುಗಾದಿಗೆ. ಹಾಗಾಗಿ ಪುಷ್ಯ, ಮಾಘ, ಫಾಲ್ಗುಣದ ತಾರೀಕಾದರೆ ಹೆಚ್ಚಾಗಿ ಇನ್ನೂ ಒಂದು ಸೇರಿಸಬೇಕು.

ಟಿಪ್ಪುವಿನ ಕಾಲದ ನಾಣ್ಯ ಗೀಣ್ಯ ಸಿಕ್ಕಿದರೆ ಈ ಲೆಕ್ಕ ನಡೆಯುವುದಿಲ್ಲ. ಅವನು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ವರ್ಷ ತಂದ, ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು 5121 ಎಂದು ಕಾಣುತ್ತದೆ. ಗಾಬರಿಯಾಗಬೇಡಿ.

ತಿಂಗಳಿಗೆ ಬರೋಣ. ನಮ್ಮಲ್ಲಿ ಹಿರಿಯರು ಹೇಳುವುದು ಹೆಚ್ಚಾಗಿ ತುಳು ತಿಂಗಳು: ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ. ಪಗ್ಗು ಎಂದರೆ ಮೇಷ, ಬೇಶ ಎಂದರೆ ವೃಷಭ, ಹೀಗೇ ಮುಂದಕ್ಕೆ. ಪತ್ತನಾಜೆ ಬೇಶದ ಹತ್ತು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಸಾಮಾನ್ಯವಾಗಿ ಮೇ 24ರ ಆಸುಪಾಸು. ಆಸುಪಾಸು ಎಂದೆ, ಯಾಕೆಂದರೆ ನಮ್ಮಲ್ಲಿ ಸಂಕ್ರಮಣದ ಮರುದಿನ ತಿಂಗಳ ಒಂದು. ಮಲಯಾಳಂ ಲೆಕ್ಕದಲ್ಲಿ ಮಧ್ಯಾಹ್ನ ಸುಮಾರು ಒಂದೂಕಾಲು ಗಂಟೆಯೊಳಗೆ ಸಂಕ್ರಮಣವಾದರೆ ಆ ದಿನವೇ ಒಂದು. ಒಂದೇ ಮನೆಯ ಎರಡು ಕ್ಯಾಲೆಂಡರಿನಲ್ಲಿ ಒಂದು ದಿನ ಆಚೀಚೆ ಆಗುವುದು ಹೀಗೆ. ಸುಮ್ನೆ ಜಗಳ ಆಡಬೇಡಿ, ಇಬ್ಬರೂ ಸರಿ.

ಜಗಳ ಬಿಡಿಸುವುದು ವಾರ. ನಾನು ಯಾವ ಅಂಕೆಗಿಂತಲೂ ಜಾಸ್ತಿ ನಂಬುವುದು ಅದನ್ನೇ. ರೋಮಿನ ಜೂಲಿಯಸ್ ಸೀಸರ್ ಕ್ಯಾಲೆಂಡರ್ ಸರಿಮಾಡಲು ಹೊರಟು ಕ್ರಿ.ಪೂ. 46ನ್ನು 445 ದಿನಗಳ ವರ್ಷ ಮಾಡಿದ. ಅವನು ಹಿಡಿದ 365 ಕಾಲು ದಿನದ ಲೆಕ್ಕವೂ ವರ್ಷಕ್ಕೆ 11 ನಿಮಿಷ ಹೆಚ್ಚಾಯಿತು. ಅದನ್ನು ತಿದ್ದಲು ಪೋಪ್ ಗ್ರೆಗೊರಿ 1582ರ ಅಕ್ಟೋಬರಿನಲ್ಲಿ ಹತ್ತು ದಿನ ಕಿತ್ತುಹಾಕಿದರು. 4ರ ಮರುದಿನ 15. ಆದರೆ 4 ಗುರುವಾರ, 15 ಶುಕ್ರವಾರ! ಇಂಗ್ಲೆಂಡಿನವರು 1752ರಲ್ಲಿ ಹನ್ನೊಂದು ದಿನ ಹಾರಿಸಿದರು, ಆಗಲೂ ಬುಧವಾರದ ಮರುದಿನ ಗುರುವಾರವೇ. ತಾರೀಕು ಹಾರಿತು, ವಾರ ಹಾರಲಿಲ್ಲ.

ಒಂದು ಎಚ್ಚರಿಕೆ. ನಮ್ಮ ದಿನ ಸೂರ್ಯೋದಯಕ್ಕೆ ಶುರು, ಇಂಗ್ಲಿಷಿನದ್ದು ನಡುರಾತ್ರಿಗೆ, ಹಿಜರಿಯದ್ದು ಮುಸ್ಸಂಜೆಗೆ. "ಬುಧವಾರ ರಾತ್ರಿ ಎರಡು ಗಂಟೆಗೆ ಹುಟ್ಟಿದ್ದು" ಎಂದು ಅಜ್ಜಿ ಹೇಳಿದರೆ ಆಸ್ಪತ್ರೆಯ ಲೆಕ್ಕದಲ್ಲಿ ಅದು ಗುರುವಾರ. ಹುಟ್ಟಿದ ಹೊತ್ತು ಕೇಳದೆ ವಾರ ಬರೆಯಬೇಡಿ.

ಅಮ್ಮನ ಲೆಕ್ಕ ಮುಗಿಸುತ್ತೇನೆ. ಮೊಬೈಲಿನ ಕ್ಯಾಲೆಂಡರನ್ನು 1944ರವರೆಗೆ ಹಿಂದೆ ತಳ್ಳಿದೆ. ಮೇ 24 ಬುಧವಾರ, 25 ಗುರುವಾರ. ಸರಿ ಹೊಂದಿತು. ಆದರೂ ಇನ್ನೊಂದು ಸಾಕ್ಷಿ ಇರಲಿ ಎಂದು ತಿಥಿ ನೋಡಿದೆ. ಅಜ್ಜನ ಪುಸ್ತಕದಲ್ಲಿ ಜ್ಯೇಷ್ಠ ಶುದ್ಧ ತದಿಗೆ, ಅಂದರೆ ಅಮಾವಾಸ್ಯೆ ಕಳೆದ ಮೂರನೆಯ ತಿಥಿ, ಎಂದಿತ್ತು. ಆ ವರ್ಷ ಜೂನ್ 6ಕ್ಕೆ ಹುಣ್ಣಿಮೆ. ಅಲ್ಲಿಂದ ಹನ್ನೆರಡು ದಿನ ಹಿಂದಕ್ಕೆ ಎಣಿಸಿದರೆ ಮೇ 25, ತದಿಗೆ. ಇದು ಅಂದಾಜಿಗೆ ಸಾಕು. ತಿಥಿ ಕೆಲವೊಮ್ಮೆ ಒಂದು ದಿನ ಜಾರುವುದುಂಟು, ಆದ್ದರಿಂದ ತಿಥಿಯೊಂದನ್ನೇ ನಂಬಿ ಕೂರಬೇಡಿ.

ಕೊಲ್ಲವರ್ಷ ಸಿಕ್ಕಿದರೆ ಸುಲಭ. ಚಿಂಙದಿಂದ, ಅಂದರೆ ಆಗಸ್ಟ್ ನಡುವಿನಿಂದ, ಡಿಸೆಂಬರ್‌ವರೆಗೆ 824 ಕೂಡಿಸಿ. ಜನವರಿ ಮೇಲೆ 825. ಉತ್ತರ ಮಲಬಾರಿನ ಹಳೆಯ ಕಾಗದವಾದರೆ ಅಲ್ಲಿ ವರ್ಷ ಚಿಂಙದ ಮುಂದಿನ ತಿಂಗಳಾದ ಕನ್ನಿಯಿಂದ ಶುರುವಾಗುತ್ತಿತ್ತು, ಚಿಂಙದ ತಾರೀಕಿಗೆ ಜೋಪಾನ. ನಮ್ಮನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1 ಕೊಲ್ಲವರ್ಷ 1132. ಸಂವತ್ಸರದ ಹೆಸರು ಯಾವುದು ಗೊತ್ತಾ? ದುರ್ಮುಖಿ. ಅಪ್ಪ ಇದನ್ನು ಹೇಳಿ ಹೇಳಿ ನಗುತ್ತಿದ್ದರು.

ನೆರೆಮನೆಯ ಇಚ್ಚ ತಂದದ್ದು ಹಿಜರಿ ತಾರೀಕು. ಅದರಲ್ಲಿ ಅಧಿಕ ಮಾಸವೇ ಇಲ್ಲ, ವರ್ಷಕ್ಕೆ 354 ಅಥವಾ 355 ದಿನ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಒಂದು ವರ್ಷ ಆಚೀಚೆಯಲ್ಲಿ ಸಿಗುತ್ತದೆ. ಮತ್ತೆ ವಾರ ಹಿಡಿದು ಹುಡುಕಬೇಕು.

ಅಮ್ಮನ ಪೆನ್ಶನ್ ಕೊನೆಗೆ ಶಾಲೆಯ ಜೂನ್ 1ರ ಲೆಕ್ಕದಲ್ಲೇ ಮಂಜೂರಾಯಿತು. ಮನೆಯಲ್ಲಿ ಪಾಯಸ ಮಾಡುವುದು ಪತ್ತನಾಜೆಯ ಮರುದಿನ.