ಬಿಚ್ಚಿ ನೋಡಬಹುದಾದ ಹಾಡುಗಳು

ಚಿಪ್‌ಟ್ಯೂನ್ ಅಂದರೆ ಹಳೇ ವಿಡಿಯೋ ಗೇಮ್‌ಗಳ ಹಾಡು ಅಂತ ಬಹಳ ಜನ ತಿಳಿದಿದ್ದಾರೆ. ಪೂರ್ತಿ ತಪ್ಪಲ್ಲ. ಆದರೆ ನಾನು ಮಾಡುವ ಸಂಗೀತಕ್ಕೂ ಗೇಮ್‌ಗೂ ಸಂಬಂಧ ಕಡಿಮೆ. ಹಳೇ ಯಂತ್ರದೊಳಗಿನ ಸೌಂಡ್ ಚಿಪ್ಪನ್ನೇ ವಾದ್ಯ ಮಾಡಿಕೊಂಡು ಅದರಲ್ಲಿ ಹೊಸ ಹಾಡು ಕಟ್ಟುತ್ತೇನೆ. ನನ್ನ ವಾದ್ಯ 1989ರಲ್ಲಿ ಜಪಾನಿನಲ್ಲಿ ಮೊದಲು ಬಂದ ಬೂದು ಬಣ್ಣದ ಗೇಮ್‌ಬಾಯ್, ನಿಂಟೆಂಡೊ ಕಂಪನಿಯ ಅಂಗೈಯಗಲದ ಗೇಮ್ ಯಂತ್ರ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಸಾಕು.

ಅದರಲ್ಲಿ ಒಟ್ಟು ನಾಲ್ಕು ದನಿ. ಎರಡು ಪಲ್ಸ್ ಚಾನೆಲ್ (ಮೇಲೆ, ಕೆಳಗೆ ಎರಡೇ ಮಟ್ಟದ ಅಲೆ), ಒಂದು ವೇವ್ ಚಾನೆಲ್ (ಅಲೆಯ ಆಕಾರ ನಾವೇ ಬರೆಯುವುದು), ಒಂದು ನಾಯ್ಸ್ ಚಾನೆಲ್ (ಬರೀ ಗದ್ದಲ). ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಮೂರು ಸ್ವರ ಒಟ್ಟಿಗೆ ಬೇಕು ಅಂದರೆ ಅವನ್ನು ಒಂದರ ಹಿಂದೆ ಒಂದು, ಕಿವಿಗೆ ಬೇರೆ ಬೇರೆ ಅಂತ ಗೊತ್ತಾಗದಷ್ಟು ವೇಗವಾಗಿ ತಿರುಗಿಸಬೇಕು. ಚಿಪ್‌ಟ್ಯೂನ್‌ನಲ್ಲಿ ಕೇಳುವ ಆ ಗಿರಗಿರ ಸದ್ದು ಬರುವುದೇ ಹೀಗೆ.

ದಾವಣಗೆರೆಯಲ್ಲಿ ನಾನು ಬೆಳೆಯುವಾಗ ಗೇಮ್‌ಬಾಯ್ ಕಂಡವನೇ ಅಲ್ಲ. ನಮ್ಮ ಓಣಿಯಲ್ಲಿ ಇದ್ದದ್ದು ಹಳದಿ ಕ್ಯಾಸೆಟ್ ಹಾಕುವ ಟಿವಿ ಗೇಮ್, ನಿಂಟೆಂಡೊ ಯಂತ್ರದ ನಕಲು. ಇಂಥ ನಕಲಿ ಯಂತ್ರಗಳ ಎಷ್ಟೋ ಚಿಪ್‌ಗಳಲ್ಲಿ ಪಲ್ಸ್ ಚಾನೆಲ್‌ನ ಎರಡು ಸೆಟ್ಟಿಂಗ್ ಅದಲುಬದಲಾಗಿರುತ್ತವೆ. ಶೇ. 25ರ ಪಲ್ಸ್ (ಅಂದರೆ ಅಲೆ ಕಾಲು ಭಾಗ ಹೊತ್ತು ಮೇಲಿರುವುದು) ಬರಬೇಕಾದ ಕಡೆ ಶೇ. 50ರದ್ದು ಬರುತ್ತದೆ, 50ರ ಕಡೆ 25. 25ರದ್ದು ಸ್ವಲ್ಪ ತೆಳು, 50ರದ್ದು ದುಂಡು, ಟೊಳ್ಳು. ಹಾಗಾಗಿ ದೊಡ್ಡವನಾದ ಮೇಲೆ ಅಸಲಿ ನಿಂಟೆಂಡೊ ಸದ್ದು ಕೇಳಿದಾಗ ನನಗೆ ಅದೇ ನಕಲಿ ಅನಿಸಿತು! ನಮ್ಮ ತಲೆಮಾರಿನ ಅದೆಷ್ಟೋ ಮಕ್ಕಳ ಕಿವಿ ಪಳಗಿದ್ದು ಆ ಅದಲುಬದಲಿನ ಸದ್ದಿಗೇ. ಇವತ್ತಿಗೂ ನನಗೆ ಆ ದುಂಡು ದನಿಯ ಮೇಲೆ ಪ್ರೀತಿ ಜಾಸ್ತಿ.

ಗೇಮ್‌ಬಾಯ್ ವಾದ್ಯವಾದದ್ದು ಇಬ್ಬರಿಂದ. 1998ರಲ್ಲಿ ಜರ್ಮನಿಯ ಒಲಿವರ್ ವಿಟ್ಚೋ ನ್ಯಾನೋಲೂಪ್ ಮಾಡಿದರು. 2000ರಲ್ಲಿ ಸ್ವೀಡನ್ನಿನ ಯೋಹಾನ್ ಕೊಟ್ಲಿನ್ಸ್ಕಿ ಲಿಟಲ್ ಸೌಂಡ್ ಡಿಜೆ ಮಾಡಿದರು. ಎರಡೂ ಕಾರ್ಟ್ರಿಜ್‌ನಲ್ಲಿ ಹಾಕಿ ಓಡಿಸುವ ತಂತ್ರಾಂಶಗಳು. ನಾನು ಬಳಸುವುದು ಎರಡನೆಯದು. ಅದು ಟ್ರ್ಯಾಕರ್ ಜಾತಿಯದು. ಮೇಲಿಂದ ಕೆಳಕ್ಕೆ ಸಾಲುಗಳು. ಸಾಲಿನಲ್ಲಿ ಒಂದು ಸ್ವರ, ಅದರ ಪಕ್ಕ ಒಂದು ಅಕ್ಷರದ ಕಮಾಂಡ್. 16 ಸಾಲು ಸೇರಿ ಒಂದು ಫ್ರೇಸ್, ಫ್ರೇಸ್‌ಗಳು ಸೇರಿ ಚೈನ್, ಚೈನ್‌ಗಳು ಸೇರಿ ಹಾಡು.

ಕೆಲಸಕ್ಕೆ ಅಂತ ನ್ಯೂಜೆರ್ಸಿಗೆ ಹೋದಾಗ ಈ ಸಂಗೀತಕ್ಕೆ ಒಂದು ಊರೇ ಇದೆ ಅಂತ ಗೊತ್ತಾಯಿತು. ನ್ಯೂಯಾರ್ಕ್‌ನಲ್ಲಿ 1999ರಿಂದಲೇ ಏಟ್‌ಬಿಟ್‌ಪೀಪಲ್ಸ್ ಅನ್ನುವ ಗುಂಪು ಹಾಡುಗಳನ್ನು ಪುಕ್ಕಟೆ ಹಂಚುತ್ತಿತ್ತು. ದಿ ಟ್ಯಾಂಕ್ ಅನ್ನುವ ಸಣ್ಣ ಜಾಗದಲ್ಲಿ ತಿಂಗಳಿಗೊಮ್ಮೆ ಪಲ್ಸ್‌ವೇವ್ ಕಾರ್ಯಕ್ರಮ. 2006ರಿಂದ ಬ್ಲಿಪ್ ಫೆಸ್ಟಿವಲ್ ಶುರುವಾಯಿತು. ಮುಂದೆ ಅದು ಟೋಕಿಯೊ, ಡೆನ್ಮಾರ್ಕ್, ಆಸ್ಟ್ರೇಲಿಯಾಕ್ಕೂ ಹೋಯಿತು. 2009ರಲ್ಲಿ ಬ್ರೂಕ್ಲಿನ್‌ನ ಬೆಲ್ ಹೌಸ್‌ನಲ್ಲಿ ನಡೆದ ಬ್ಲಿಪ್‌ಗೆ ನಾನೂ ಹೋಗಿದ್ದೆ. ಅಂಗೈಯಗಲದ ಯಂತ್ರ ಹಿಡಿದು ಒಬ್ಬರು ನಿಂತರೆ ಇಡೀ ಹಾಲ್ ಕುಣಿಯುತ್ತಿತ್ತು.

ಆದರೆ ನನ್ನನ್ನು ಹಿಡಿದಿಟ್ಟದ್ದು ಸ್ಟೇಜ್ ಅಲ್ಲ. ನುಡಿಸಿ ಇಳಿದು ಬಂದವರ ಹತ್ತಿರ "ಆ ಬೇಸ್ ಹೇಗೆ ಮಾಡಿದ್ರಿ?" ಅಂತ ಕೇಳಿದರೆ ಅವರು ಬಾಯಲ್ಲಿ ಹೇಳುತ್ತಿರಲಿಲ್ಲ. ಗೇಮ್‌ಬಾಯನ್ನೇ ಕೈಗೆ ಕೊಡುತ್ತಿದ್ದರು. ಆ ಸಾಲು ತೆರೆದು ತೋರಿಸುತ್ತಿದ್ದರು. ಇಷ್ಟೇ, ಇಲ್ಲಿ ಈ ಕಮಾಂಡ್, ಇಲ್ಲಿ ಈ ವೇವ್. ಕೆಲವರು ಸೇವ್ ಫೈಲನ್ನೇ ಕಳಿಸಿಕೊಟ್ಟರು. ಮನೆಗೆ ಬಂದು ನನ್ನ ಯಂತ್ರಕ್ಕೆ ಹಾಕಿದರೆ ಅದೇ ಹಾಡು, ಅದೇ ಸದ್ದು, ಒಂದು ಸ್ವರವೂ ಮುಚ್ಚಿಟ್ಟಿಲ್ಲ.

ಇದು ಗೇಮ್‌ಬಾಯ್‌ನವರು ಶುರುಮಾಡಿದ ಪದ್ಧತಿ ಅಲ್ಲ. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರ್‌ಗೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಮಾಡಿದಾಗಿನಿಂದ ಹೀಗೇ ನಡೆದುಬಂದಿದೆ. ಆ ಬಗೆಯ ಟ್ರ್ಯಾಕರ್‌ಗಳಲ್ಲಿ ಮಾಡಿದ ಹಾಡಿನ ಫೈಲ್‌ಗಳಲ್ಲಿ (ಮಾಡ್ ಫೈಲ್ ಅನ್ನುತ್ತಾರೆ) ಸದ್ದಿನ ತುಣುಕುಗಳೂ ಇರುತ್ತಿದ್ದವು, ಸ್ವರಗಳೂ ಇರುತ್ತಿದ್ದವು. ತುಣುಕುಗಳಿಗೆ ಹೆಸರು ಬರೆಯುವ ಜಾಗದಲ್ಲಿ ಗೆಳೆಯರಿಗೆ ನಮಸ್ಕಾರ ಬರೆಯುತ್ತಿದ್ದರು. ಕೇಳುವ ಫೈಲೂ ಅದೇ, ಕಲಿಯುವ ಪುಸ್ತಕವೂ ಅದೇ.

ನನ್ನ ಸ್ವಂತ ಕೆಲಸ ಗಟ್ಟಿಯಾದದ್ದು ತೋಡಿ ರಾಗದ ಒಂದು ತುಣುಕಿನಿಂದ. ಅಮ್ಮ ವೀಣೆ ನುಡಿಸುತ್ತಿದ್ದರು, ಆ ರಾಗ ಕಿವಿಯಲ್ಲಿ ಕೂತಿತ್ತು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ, ಅಲ್ವಾ? ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತದೆ. ಲಿಟಲ್ ಸೌಂಡ್ ಡಿಜೆಯಲ್ಲಿ ಸ್ವರ ನಡುಗಿಸುವುದಕ್ಕೆ 'ವಿ' ಕಮಾಂಡ್ ಇದೆ. ಅದನ್ನು ಹಾಕಿದರೆ ಬರುವ ನಡುಕ ಮೇಲೂ ಕೆಳಗೂ ಸಮ. ಅಂಬುಲೆನ್ಸ್ ಹೋದ ಹಾಗೆ ಕೇಳುತ್ತದೆ. ಗಮಕ ಹಾಗಲ್ಲ. ಕೆಳಗೆ ಸ್ವಲ್ಪ ಹೊತ್ತು ನಿಂತು, ಮೇಲಕ್ಕೆ ಚಟ್ಟನೆ ಹೋಗಿ ಮುಟ್ಟಿ, ಮತ್ತೆ ಇಳಿಯುತ್ತದೆ.

ಹಾಗಾಗಿ 'ಎಲ್' ಕಮಾಂಡ್ ಹಿಡಿದೆ. ಹಿಂದಿನ ಸ್ವರದಿಂದ ಹೊಸ ಸ್ವರಕ್ಕೆ ಜಾರಿಸುವ ಕಮಾಂಡ್ ಅದು. ಸ್ವರ ಹೊಸದಾಗಿ ಮೀಟಿದಂತೆ ಕೇಳುವುದಿಲ್ಲ, ಒಂದೇ ಮೀಟಿನಲ್ಲಿ ಎಳೆದಂತೆ ಇರುತ್ತದೆ. ಒಂದು ಸಾಲಿನಲ್ಲಿ ರಿಷಭ, ಮುಂದಿನ ಸಾಲಿನಲ್ಲಿ 'ಎಲ್' ಹಾಕಿದ ಮಧ್ಯಮ, ಮತ್ತೆ 'ಎಲ್' ಹಾಕಿದ ರಿಷಭ. ಹೀಗೆ ಬರೆಯುತ್ತಾ ಹೋದೆ. ಕಾಲದ ಹಂಚಿಕೆ ಮಾತ್ರ ಇನ್ನೂ ಸಮವಾಗಿತ್ತು. ಸಾಮಾನ್ಯವಾಗಿ ಒಂದೊಂದು ಸಾಲಿಗೂ 6 ಟಿಕ್ (ಕಾಲದ ಅತಿ ಸಣ್ಣ ಅಳತೆ) ಸಿಗುತ್ತದೆ. ಗ್ರೂವ್ ಅನ್ನುವ ಪುಟದಲ್ಲಿ ಅದನ್ನು ಬದಲಿಸಬಹುದು. 6-6 ಇದ್ದದ್ದನ್ನು 8-4 ಮಾಡಿದೆ. ಕೆಳಗಿನ ಸ್ವರಕ್ಕೆ 8, ಮೇಲಿನದಕ್ಕೆ 4. ಎರಡು ಸಾಲಿನ ಮೊತ್ತ 12 ಹಾಗೇ ಉಳಿಯುವುದರಿಂದ ಬೇರೆ ಚಾನೆಲ್‌ಗಳ ತಾಳ ತಪ್ಪುವುದಿಲ್ಲ. ಆಗ ಗಾಂಧಾರ ಬಂತು. ಹೆಡ್‌ಫೋನ್ ತೆಗೆದು ಅಮ್ಮನಿಗೆ ಫೋನಿನಲ್ಲೇ ಕೇಳಿಸಿದೆ. "ತೋಡಿ ಅಲ್ಲೇನೋ ಇದು?" ಅಂದರು.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಎತ್ತರದ ಸ್ಥಾಯಿಯಲ್ಲಿ ಗಮಕ ಹಾಕಬೇಡಿ. ಗೇಮ್‌ಬಾಯ್‌ನ ಪಲ್ಸ್ ಚಾನೆಲ್ ಸ್ವರ ಹುಟ್ಟಿಸುವುದು 131072 ಅನ್ನುವ ಸಂಖ್ಯೆಯನ್ನು ಇನ್ನೊಂದು ಪೂರ್ಣಾಂಕದಿಂದ ಭಾಗಿಸಿ. 250 ಹರ್ಟ್ಸ್ ಸುತ್ತಮುತ್ತ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಅರ್ಧ ಹರ್ಟ್ಸ್ ಅಂತರ, ಜಾರು ನುಣ್ಣಗೆ ಕೇಳುತ್ತದೆ. 2000 ಹರ್ಟ್ಸ್ ಹತ್ತಿರ ಹೋದರೆ ಅಂತರ 30 ಹರ್ಟ್ಸ್. ಅಲ್ಲಿ ಸ್ವರ ಜಾರುವುದಿಲ್ಲ, ಕುಪ್ಪಳಿಸುತ್ತದೆ. ನಾನು ರಾಗದ ಕೆಲಸವನ್ನೆಲ್ಲ ಕೆಳಗಿನ ಸ್ಥಾಯಿಗಳಲ್ಲೇ ಇಡುತ್ತೇನೆ.

ತಂಬೂರಿಗೆ ವೇವ್ ಚಾನೆಲ್. ಒಂದು ಅಲೆಯನ್ನು 32 ಬಿಂದುಗಳಲ್ಲಿ ಬರೆಯಬೇಕು, ಒಂದೊಂದು ಬಿಂದುವಿಗೂ 16 ಮಟ್ಟ. ಈ ಚಾನೆಲ್‌ನ ವಾಲ್ಯೂಮ್‌ಗೆ ಇರುವುದು ನಾಲ್ಕೇ ಹಂತ, ಅದರಲ್ಲೂ ಒಂದು ಸೊನ್ನೆ. ತಂತಿ ನಿಧಾನವಾಗಿ ಇಳಿಯುವ ಸದ್ದು ವಾಲ್ಯೂಮ್‌ನಿಂದ ಬರುವುದಿಲ್ಲ. ಅದಕ್ಕೆ 16 ಅಲೆಗಳ ಸಾಲು ಮಾಡಿ, ಮೊದಲನೆಯದು ಚೂಪಾಗಿ, ಕೊನೆಯದು ನುಣುಪಾಗಿ ಇರುವಂತೆ ಬಿಟ್ಟೆ. ಮೀಟಿದಾಗ ಝೇಂಕಾರ, ಆಮೇಲೆ ಅದು ಕರಗುತ್ತಾ ಹೋಗುತ್ತದೆ. ಪ-ಸ-ಸ-ಸ ಅಂತ ತಿರುಗಿಸಿದರೆ ಕೋಣೆಯೇ ತುಂಬಿಕೊಳ್ಳುತ್ತದೆ. ಎರಡನೇ ಪಲ್ಸ್ ಚಾನೆಲ್‌ಗೆ ಎರಡು ಕೆಲಸ ಕೊಟ್ಟೆ. ಮೊದಲನೆಯದರ ಸ್ವರವನ್ನೇ ಸ್ವಲ್ಪ ತಡವಾಗಿ, ಮೆತ್ತಗೆ ನುಡಿಸಿ ಪ್ರತಿಧ್ವನಿ. ಸಂದು ಸಿಕ್ಕಲ್ಲಿ 'ಪಿ' ಕಮಾಂಡ್‌ನಿಂದ ಸ್ವರ ಬೇಗ ಬೀಳಿಸಿ ಮೃದಂಗದ ಎಡಗಡೆಯ ಗುಂಕಾರ. ಬಲಗಡೆಗೆ ನಾಯ್ಸ್.

ಯಂತ್ರಕ್ಕೆ ಒಂದು ಸಣ್ಣ ಬೆಸುಗೆ ಕೆಲಸವೂ ಮಾಡಿಸಿಕೊಂಡಿದ್ದೇನೆ. ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಹೋಗುವ ಮೊದಲೇ, ವಾಲ್ಯೂಮ್ ತಿರುಪಿನ ಹತ್ತಿರದಿಂದ ಸದ್ದನ್ನು ಹೊರಗೆ ತರುವುದು. ಗುಂಯ್ ಅನ್ನುವ ಗದ್ದಲ ಕಡಿಮೆಯಾಗುತ್ತದೆ, ಬೇಸ್ ಗಟ್ಟಿಯಾಗುತ್ತದೆ.

ಈಗ ಇಳಿಮುಖದ ಮಾತು. 2003ರಲ್ಲೇ ಸೆಕ್ಸ್ ಪಿಸ್ಟಲ್ಸ್ ಅನ್ನುವ ಪಂಕ್ ಬ್ಯಾಂಡಿನ ಮ್ಯಾನೇಜರ್ ಆಗಿದ್ದ ಮಾಲ್ಕಮ್ ಮೆಕ್‌ಲಾರೆನ್ ವೈರ್ಡ್ ಪತ್ರಿಕೆಯಲ್ಲಿ ಈ ಸಂಗೀತವನ್ನು ಹೊಗಳಿ ಬರೆದಿದ್ದರು. ಹೊರಗಿನವರು ಇದನ್ನು ಹೊಸ ಫ್ಯಾಷನ್ ಅಂತ ನೋಡಿದರು, ಫ್ಯಾಷನ್ ಬಂದ ಹಾಗೇ ಹೋಯಿತು. 2012ಕ್ಕೆ ಬ್ಲಿಪ್ ನಿಂತಿತು. ಅದಾದ ಮೇಲೆ ಅಷ್ಟು ಜನ ಒಂದೇ ಸೂರಿನಡಿ ಸೇರಿ, ಯಂತ್ರ ಕೈ ಬದಲಾಯಿಸುವ ಜಾಗ ನನಗೆ ಸಿಗಲಿಲ್ಲ. ಹಳೇ ಗೇಮ್‌ಬಾಯ್‌ಗಳ ಬೆಲೆ ಏರಿತು. ಜೊತೆಗಿದ್ದವರಿಗೆ ಮದುವೆ, ಮಕ್ಕಳು, ಕೆಲಸ.

ಸದ್ದಂತೂ ಸತ್ತಿಲ್ಲ. 2014ರ ಶೋವೆಲ್ ನೈಟ್ ಗೇಮ್‌ಗೆ ಜೇಕ್ ಕಾಫ್‌ಮನ್ ಹಳೇ ನಿಂಟೆಂಡೊ ಯಂತ್ರದ ಕಾಲದ ಚಿಪ್ಪುಗಳ ನಿಯಮಕ್ಕೆ ಬದ್ಧರಾಗಿಯೇ ಸಂಗೀತ ಕೊಟ್ಟರು. ಮೊಬೈಲ್ ಜಾಹೀರಾತಿನಲ್ಲೂ ಆ ಸದ್ದು ಕೇಳುತ್ತದೆ. ಇವತ್ತು ಯಾವ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಾದರೂ ಒಂದು ಪ್ಲಗಿನ್ ಹಾಕಿದರೆ ಪಲ್ಸ್ ಅಲೆ ಬರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಹಾಡುಗಳೆಲ್ಲ ಸ್ಟ್ರೀಮಿಂಗ್‌ಗೆ ಹೋದವು. ಅಲ್ಲಿ ಸಿಗುವುದು ಬರೀ ಸದ್ದು. ಒಳಗೆ ಏನು ಬರೆದಿದ್ದಾರೆ ಅಂತ ನೋಡುವ ದಾರಿ ಇಲ್ಲ. ಹೊಸಬರು ಬಂದರು, ಕೇಳಿದರು, ಮೆಚ್ಚಿದರು, ಹೋದರು. ಕಲಿಯುವವರಾಗಿ ಉಳಿಯಲಿಲ್ಲ. ಈ ಬಳಗ ಸೊರಗಿದ್ದಕ್ಕೆ ಬ್ಲಿಪ್ ನಿಂತದ್ದಕ್ಕಿಂತ ಇದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಶುರುಮಾಡಬೇಕು ಅನ್ನುವವರಿಗೆ ಯಂತ್ರ ಕೊಳ್ಳಿ ಅಂತ ಹೇಳುವುದಿಲ್ಲ. ಫರ್ನೇಸ್ ಅನ್ನುವ ಉಚಿತ ಟ್ರ್ಯಾಕರ್ ಇದೆ, ಗೇಮ್‌ಬಾಯ್, ನಿಂಟೆಂಡೊ, ಕಮೊಡೋರ್ 64 ಎಲ್ಲ ಚಿಪ್‌ಗಳೂ ಅದರಲ್ಲಿವೆ. ಅದರ ಜೊತೆಗೇ ಬೇರೆಯವರು ಮಾಡಿದ ಹಾಡುಗಳ ಫೋಲ್ಡರ್ ಬರುತ್ತದೆ. ಸ್ವಂತ ಹಾಡು ಬರೆಯುವ ಮುಂಚೆ ಅದರಲ್ಲಿ ಒಂದನ್ನು ತೆರೆದು, ಒಂದು ಚಾನೆಲ್ ಬಿಟ್ಟು ಉಳಿದವನ್ನೆಲ್ಲ ಮ್ಯೂಟ್ ಮಾಡಿ, ಆ ಒಂದನ್ನು ಸಾಲು ಸಾಲಾಗಿ ಓದಿ. ಕಮೊಡೋರ್ ಇಷ್ಟವಾದರೆ ಹೈ ವೋಲ್ಟೇಜ್ ಸಿಡ್ ಕಲೆಕ್ಷನ್ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ 50,000ಕ್ಕೂ ಹೆಚ್ಚು ಹಾಡು ಕೇಳಲು ಸಿಗುತ್ತವೆ.

ನಾನು ಈಗ ಹಾಡು ಹಂಚುವಾಗಲೆಲ್ಲ ಸೇವ್ ಫೈಲನ್ನೂ ಜೊತೆಗಿಡುತ್ತೇನೆ. ತೋಡಿಯ ಫೈಲನ್ನು ಮೈಸೂರಿನ ಒಬ್ಬ ಹುಡುಗಿ ತೆರೆದು ನೋಡಿ, ಗ್ರೂವ್ ಅನ್ನು 8-4ರಿಂದ 9-3 ಮಾಡಿ ವಾಪಸ್ ಕಳಿಸಿದಳು. "ಸರ್, ಗಾಂಧಾರ ಇನ್ನೂ ಸ್ವಲ್ಪ ಕೆಳಗೆ ನಿಲ್ಲಬೇಕು ಅನ್ನಿಸ್ತು" ಅಂತ ಬರೆದಿದ್ದಳು. ಅವಳು ಹೇಳಿದ್ದು ಸರಿ. ಈಗ ನಾನೂ 9-3 ಹಾಕುತ್ತೇನೆ.