ಕುರುಕಲು ತಿಂಡಿಗೆ ಈರುಳ್ಳಿ ಬೇರಿನ ಪರೀಕ್ಷೆ: ನನ್ನ ಅನುಭವ

ಪೊಟ್ಟಣದ ಕುರುಕಲು ತಿಂಡಿಗೆ ಹಾಕುವ ಬಣ್ಣ, ಸಂರಕ್ಷಕಗಳು ವಂಶವಾಹಿಗೆ ಪೆಟ್ಟು ಕೊಡುತ್ತವೆಯೇ ಎಂದು ನೋಡಲು ನಾನು ಈರುಳ್ಳಿ ಬೇರನ್ನು ನೆಚ್ಚಿಕೊಂಡೆ. ಅದರ ಕೋಶದಲ್ಲಿರುವುದು 16 ವರ್ಣತಂತುಗಳು (ವಂಶವಾಹಿ ಹೊತ್ತ ಎಳೆಗಳು) ಮಾತ್ರ, ಅವೂ ದಪ್ಪನೆಯವು. ಕಾಲೇಜು ಪ್ರಯೋಗಾಲಯದ ಸೂಕ್ಷ್ಮದರ್ಶಕವೇ ಸಾಕು, ಪ್ರಾಣಿಗಳನ್ನು ನೋಯಿಸಬೇಕಾಗಿಲ್ಲ.

ತಿಂಡಿಯನ್ನು ಪುಡಿ ಮಾಡಿ, ಹೆಕ್ಸೇನ್ ಎಂಬ ದ್ರಾವಕ ಬಳಸಿ ಎಣ್ಣೆ ತೆಗೆದು, ಹೆಕ್ಸೇನ್ ಪೂರ್ತಿ ಆರಿದ ಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಸೋಸಿ, ಆ ನೀರಲ್ಲಿ ಈರುಳ್ಳಿ ಬೇರು ಬೆಳೆಯಲು ಬಿಟ್ಟೆ. ಈ ನೀರಲ್ಲಿ ಬಣ್ಣದ ಜೊತೆ ಉಪ್ಪೂ ಇಳಿದಿರುತ್ತದೆ. ಇಡೀ ಪರೀಕ್ಷೆ ದಾರಿ ತಪ್ಪುವುದು ಇಲ್ಲೇ. ಬರೀ ಉಪ್ಪು ಹೆಚ್ಚಾದರೂ ಬೇರು ಬೆಳೆಯುವುದಿಲ್ಲ, ವರ್ಣತಂತುಗಳೂ ಅಸ್ತವ್ಯಸ್ತವಾಗುತ್ತವೆ. ಆದ್ದರಿಂದ ಹೋಲಿಕೆಗೆ ಬರೀ ನೀರಷ್ಟೇ ಸಾಲದು. ತಿಂಡಿಯಲ್ಲಿದ್ದಷ್ಟೇ ಉಪ್ಪು, ಅಷ್ಟೇ ಹುಳಿ ಇರುವ ದ್ರಾವಣದಲ್ಲೂ ಈರುಳ್ಳಿ ಇಟ್ಟೆ. ಖಚಿತವಾಗಿ ಹಾನಿ ಮಾಡುವ ಈಥೈಲ್ ಮೀಥೇನ್ ಸಲ್ಫೊನೇಟ್‌ನಲ್ಲಿ ಇನ್ನೊಂದಿಷ್ಟು. ಇದನ್ನು ಮುಟ್ಟುವಾಗ ಕೈಗವಸು ಕಡ್ಡಾಯ. ಇಷ್ಟು ಹೋಲಿಕೆ ಇಲ್ಲದ ಫಲಿತಾಂಶವನ್ನು ಯಾರೇ ತೋರಿಸಲಿ, ನಾನು ಒಪ್ಪುವುದಿಲ್ಲ.

ಬೇರಿನ ತುದಿ ಕತ್ತರಿಸಿ, 3 ಪಾಲು ಆಲ್ಕೊಹಾಲ್, 1 ಪಾಲು ಅಸಿಟಿಕ್ ಆಮ್ಲದಲ್ಲಿ ಇಟ್ಟು, ಆಮೇಲೆ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗಾಗಿಸಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ ಅಮುಕಿದೆ. ಯಾವ ಸ್ಲೈಡ್ ಯಾವ ತಿಂಡಿಯದು ಎಂದು ಎಣಿಸುವವರಿಗೆ ಗೊತ್ತಾಗದಂತೆ ಚೀಟಿ ಬದಲಿಸಿದ್ದೆ. ಮೊದಲೇ ಅನುಮಾನವಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ. ನಾವು ಎಣಿಸಿದ್ದು ವಿಭಜನೆಯಾಗುತ್ತಿರುವ ಕೋಶಗಳು, ಕೋಶದ ಎರಡು ತುದಿಗಳ ನಡುವೆ ಸೇತುವೆಯಂತೆ ಅಂಟಿಕೊಂಡ ವರ್ಣತಂತುಗಳು, ಮುರಿದ ತುಣುಕುಗಳು. ಜೊತೆಗೆ, ಮುಖ್ಯ ಕೋಶಕೇಂದ್ರದ ಪಕ್ಕದಲ್ಲಿ ಚಿಕ್ಕ ಚುಕ್ಕೆಯಾಗಿ ಉಳಿಯುವ ಮೈಕ್ರೋನ್ಯೂಕ್ಲಿಯಸ್. ನನಗೆ ಇದರ ಮೇಲೆ ಭರವಸೆ ಜಾಸ್ತಿ. ವಿಭಜನೆ ಮುಗಿದ ಮೇಲೂ ಹಾನಿಯ ಗುರುತು ಉಳಿದಿರುತ್ತದೆ.

ಆದರೆ ಈ ಬೇರಿಗೆ ಸಿಗದ ವಸ್ತುಗಳಿವೆ. ತಿಂಡಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ನೀರಲ್ಲಿ ಕರಗುವುದಿಲ್ಲ, ಬಹುಪಾಲು ಸೋಸುವ ಕಾಗದದ ಮೇಲೇ ನಿಲ್ಲುತ್ತದೆ. ವಂಶವಾಹಿಗೆ ಹಾನಿಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೇಳಿತು. 2022ರಲ್ಲಿ ಅಲ್ಲಿ ಅದನ್ನು ಆಹಾರದಿಂದ ಕೈಬಿಟ್ಟರು. ಅಕ್ರಿಲಮೈಡ್‌ನದು ಬೇರೆ ಕತೆ. ಅದನ್ನು ಯಾರೂ ಬೆರೆಸುವುದಿಲ್ಲ. ಆಲೂಗಡ್ಡೆ, ಧಾನ್ಯಗಳನ್ನು 120 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕರಿದಾಗ, ಹುರಿದಾಗ ತಾನೇ ಹುಟ್ಟುತ್ತದೆ, ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಗ್ಲೈಸಿಡಮೈಡ್ ಎಂಬ ವಸ್ತುವಾಗಿ ಬದಲಾಗಿ ಡಿಎನ್‌ಎಗೆ ಅಂಟುತ್ತದೆ. ಈರುಳ್ಳಿಗೆ ಯಕೃತ್ತಿಲ್ಲ. ಹೀಗಾಗಿ ಬೇರಿನಲ್ಲಿ ಏರುಪೇರು ಕಂಡ ಮಾದರಿಗಳನ್ನು ಬ್ಯಾಕ್ಟೀರಿಯಾದ ವಂಶವಾಹಿ ಬದಲಾಗುತ್ತದೆಯೇ ಎಂದು ನೋಡುವ ಏಮ್ಸ್ (Ames) ಪರೀಕ್ಷೆಗೂ ಕಳಿಸಿದೆ, ಇಲಿಯ ಯಕೃತ್ತಿನ ಕಿಣ್ವ ಬೆರೆಸಿ ಒಮ್ಮೆ, ಬೆರೆಸದೆ ಒಮ್ಮೆ.